ಪುಟ್ಟ ರೈಲು ಕಟ್ಟಿದ ಕೈ ಯಾರದು?

ಆಟಿಕೆಯ ರೈಲಿಗೂ ಮಾದರಿ ರೈಲಿಗೂ ಬಹಳ ಅಂತರವಿದೆ. ಕೀಲಿ ಕೊಟ್ಟರೆ ಸುತ್ತು ಹೊಡೆಯುವ ತಗಡಿನ ರೈಲು ಮಕ್ಕಳದು. ನಿಜವಾದ ಎಂಜಿನ್ನು, ಬೋಗಿ, ನಿಲ್ದಾಣ, ಸೇತುವೆಗಳನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ, ಬೋಲ್ಟಿನ ತಲೆಯನ್ನೂ ಬಿಡದಂತೆ ರಚಿಸುವ ಮಾದರಿ ರೈಲು ದೊಡ್ಡವರದು; ಅದರಲ್ಲಿಯೂ ಹೆಚ್ಚಾಗಿ ನಡುವಯಸ್ಸು ದಾಟಿದವರದು. ಜಗತ್ತಿನಲ್ಲಿ ಅತ್ಯಂತ ಬಳಕೆಯಲ್ಲಿರುವ ಪ್ರಮಾಣ 1:87. ಈ ಲೆಕ್ಕದಲ್ಲಿ ಐದೂಮುಕ್ಕಾಲು ಅಡಿ ಎತ್ತರದ ಮನುಷ್ಯ ಎರಡು ಸೆಂಟಿಮೀಟರಿಗೆ ಇಳಿಯುತ್ತಾನೆ. ನಮ್ಮ ರೈಲುಗಳ ಇಪ್ಪತ್ತೊಂದು ಮೀಟರ್ ಉದ್ದದ ಬೋಗಿ ಒಂದು ಗೇಣಿನಷ್ಟಾಗುತ್ತದೆ. ಹಳಿ, ಗುಡ್ಡ, ಊರು, ಸುರಂಗ ಎಲ್ಲವೂ ಸೇರಿದ ಇಡೀ ರಚನೆಗೆ ಅವರು ಇಟ್ಟ ಹೆಸರು ‘ಲೇಔಟ್’. ಬೆಂಗಳೂರಿನವರಿಗೆ ಆ ಶಬ್ದ ಕೇಳಿದೊಡನೆ ನಿವೇಶನದ ದರ ನೆನಪಾದರೆ ಅದು ಅವರ ತಪ್ಪಲ್ಲ.

ಈ ಹವ್ಯಾಸಕ್ಕೆ ಶತಮಾನ ಮೀರಿದ ಇತಿಹಾಸವಿದೆ. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ ಸ್ಥಾಪನೆಯಾದದ್ದು 1910ರಲ್ಲಿ. ಅಮೆರಿಕದ ಹವ್ಯಾಸಿಗಳು 1935ರಲ್ಲಿ ಮಿಲ್ವಾಕಿ ನಗರದಲ್ಲಿ ಸೇರಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಕಟ್ಟಿದರು. ಒಬ್ಬ ತಯಾರಕನ ಗಾಲಿ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲವೆಂಬ ಪ್ರಾಯೋಗಿಕ ಕಷ್ಟವೇ ಆ ಸಂಘದ ಹುಟ್ಟಿಗೆ ಮುಖ್ಯ ಕಾರಣ. ಗಾಲಿ-ಹಳಿಗಳ ಅಳತೆ ನಿಗದಿಯಾದ ಮೇಲೆ ಸಮ್ಮೇಳನಗಳು ಬಂದವು, ಸಮ್ಮೇಳನಗಳ ಹಿಂದೆಯೇ ಸ್ಪರ್ಧೆಗಳು ಬಂದವು. ಸ್ಪರ್ಧೆಯೊಡನೆ ಜಗಳವೂ ಬಂದಿತು. ವರ್ಷಗಟ್ಟಲೆ ಭಾನುವಾರಗಳನ್ನು ಸವೆಸಿ ತನ್ನ ನೆಲಮಾಳಿಗೆಯಲ್ಲಿ ಕಟ್ಟಿದವನ ರಚನೆಯನ್ನೂ, ಅದನ್ನೇ ಕಸುಬು ಮಾಡಿಕೊಂಡವರು ಕಾರ್ಯಾಗಾರದಲ್ಲಿ ತಯಾರಿಸಿದ ರಚನೆಯನ್ನೂ ಒಂದೇ ಮೇಜಿನ ಮೇಲಿಟ್ಟು ತೂಗುವುದು ನ್ಯಾಯವೇ ಎಂಬುದು ಆ ಜಗಳದ ತಿರುಳು.

ಕಸುಬಿನವರು ಇದ್ದಾರೆ ಎಂಬುದರಲ್ಲಿ ಸಂಶಯವಿಲ್ಲ. ಹಣವುಳ್ಳವರ ಮನೆಗೆ ಬಂದು ಅಳತೆ ತೆಗೆದು, ನಕ್ಷೆ ಬರೆದು, ಲೇಔಟನ್ನು ತುಂಡುತುಂಡಾಗಿ ತಮ್ಮಲ್ಲಿಯೇ ನಿರ್ಮಿಸಿ, ಲಾರಿಯಲ್ಲಿ ತಂದು ಜೋಡಿಸಿಕೊಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಸಿದ್ಧವಾಗಿ ದೊರೆಯುವ ಎಂಜಿನ್ನಿಗೆ ಮಳೆಬಿಸಿಲಿನಲ್ಲಿ ಮಾಸಿದಂತೆ ಬಣ್ಣ ಹಚ್ಚಿಕೊಡುವುದೊಂದನ್ನೇ ವೃತ್ತಿ ಮಾಡಿಕೊಂಡವರೂ ಇದ್ದಾರೆ. ಇವರನ್ನೆಲ್ಲ ಸ್ಪರ್ಧೆಯಿಂದ ಹೊರಗಿಡಿ ಎನ್ನುವುದು ಹವ್ಯಾಸಿಗಳಲ್ಲಿ ಹಲವರ ಬೇಡಿಕೆ. ಮೇಲುನೋಟಕ್ಕೆ ಅದು ಸಹಜವಾಗಿಯೇ ಕಾಣುತ್ತದೆ. ಆದರೆ ‘ಹವ್ಯಾಸಿ’ ಎಂಬ ಬೇಲಿಯನ್ನು ಹಾಕಿದವರ ಚರಿತ್ರೆಯನ್ನು ಬಲ್ಲವರು ಅದಕ್ಕೆ ಸುಲಭವಾಗಿ ತಲೆದೂಗಲಾರರು.

ಇಂಗ್ಲೆಂಡಿನ ಹೆನ್ಲಿ ದೋಣಿ ಪಂದ್ಯದ ವ್ಯವಸ್ಥಾಪಕರು 1879ರಲ್ಲಿ ಹವ್ಯಾಸಿ ಯಾರೆಂಬುದಕ್ಕೆ ವ್ಯಾಖ್ಯೆ ಬರೆದರು. ದೋಣಿ ನಡೆಸಿ ಹಣ ಪಡೆದವರನ್ನು ಹೊರಗಿಟ್ಟರೆ ಸಾಕಿತ್ತು. ಅಷ್ಟಕ್ಕೇ ನಿಲ್ಲದೆ, ಕೂಲಿಗಾಗಿ ಯಂತ್ರದ ಕೆಲಸ, ಕರಕುಶಲ ಕೆಲಸ ಅಥವಾ ಮೈಮುರಿಯುವ ಕೆಲಸ ಮಾಡುವ ಯಾರೂ ಹವ್ಯಾಸಿಯಲ್ಲ ಎಂದು ಅವರು ಸಾರಿದರು. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯ ಅರ್ಜಿಯನ್ನು ಹೆನ್ಲಿ ತಿರಸ್ಕರಿಸಿತು. ಆತನ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೊಂದಿತ್ತು. ಜೊತೆಗೆ ಆತ ಹಿಂದೆ ಗಾರೆ ಕೆಲಸ ಮಾಡಿದ್ದನೆಂಬುದೂ ಅಡ್ಡಬಂದಿತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಒಂಟಿ ಹುಟ್ಟುಗಾರರ ಸ್ಪರ್ಧೆಯ ಚಿನ್ನವನ್ನು ಕೆಲ್ಲಿ ಗೆದ್ದ, ಅದೂ ಬ್ರಿಟನ್ನಿನ ಸ್ಪರ್ಧಿಯನ್ನೇ ಹಿಂದಿಕ್ಕಿ. ಇಪ್ಪತ್ತೇಳು ವರ್ಷಗಳ ನಂತರ ಆತನ ಮಗ ಹೆನ್ಲಿಗೆ ಹೋಗಿ ಅಪ್ಪನಿಗೆ ನಿರಾಕರಿಸಿದ್ದ ಪಂದ್ಯವನ್ನು ಗೆದ್ದುಬಂದ.

ಕ್ರಿಕೆಟ್ಟಿನಲ್ಲಿಯೂ ಇದೇ ಕಥೆ. ‘ಜಂಟಲ್‌ಮೆನ್’ ಮತ್ತು ‘ಪ್ಲೇಯರ್ಸ್’ ಎಂಬ ಎರಡು ಜಾತಿಗಳ ನಡುವೆ 1806ರಿಂದ 1962ರವರೆಗೆ ಪಂದ್ಯ ನಡೆಯಿತು. ಅಂಕಪಟ್ಟಿಯಲ್ಲಿ ಹವ್ಯಾಸಿಯ ಹೆಸರಿನ ಮೊದಲಕ್ಷರಗಳನ್ನು ಮುಂದೆಯೂ, ವೃತ್ತಿಪರನದನ್ನು ಹಿಂದೆಯೂ ಅಚ್ಚು ಹಾಕುವ ಪದ್ಧತಿಯಿತ್ತು. ಪಂಕ್ತಿಭೇದವನ್ನು ಕಂಡ ನಾಡಿನವರಾದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮೂಲನಿವಾಸಿ ಸಮುದಾಯದ ಜಿಮ್ ಥಾರ್ಪ್, ಅದಕ್ಕೂ ಮುನ್ನ ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷ ಪದಕಗಳನ್ನು ಕಳೆದುಕೊಂಡ. ಆತ ತೀರಿಕೊಂಡದ್ದು 1953ರಲ್ಲಿ. ಒಲಿಂಪಿಕ್ ಸಮಿತಿ ಮನಸ್ಸು ಬದಲಿಸಿದ್ದು 1982ರಲ್ಲಿ. ಆತನೊಬ್ಬನೇ ವಿಜೇತನೆಂದು ಪೂರ್ಣವಾಗಿ ಒಪ್ಪಿಕೊಂಡದ್ದು 2022ರಲ್ಲಿ. ಸಂಬಳಕ್ಕಾಗಿ ದುಡಿಯದೆ ಇರುವ ಅನುಕೂಲವನ್ನೇ ಶುದ್ಧತೆಯೆಂದು ಕರೆದುಕೊಂಡವರು ಹಾಕಿದ ಬೇಲಿಯಿದು. ಇದನ್ನು ಇನ್ನೊಂದು ಅಂಗಳಕ್ಕೆ ಎತ್ತಿ ತರುವ ಮೊದಲು ನಾಲ್ಕು ಬಾರಿ ಯೋಚಿಸುವುದು ಒಳ್ಳೆಯದು.

ಇನ್ನು ಮಾದರಿ ರೈಲಿನ ಲೋಕದಲ್ಲಿ ವೃತ್ತಿಪರ ಎಂದರೆ ಯಾರು? ಮ್ಯಾಸಚೂಸೆಟ್ಸ್‌ನ ಪೀಬಡಿ ಎಂಬ ಊರಿನ ಜಾರ್ಜ್ ಸೆಲಿಯಸ್ ಅವರನ್ನೇ ತೆಗೆದುಕೊಳ್ಳಿ. 1930ರ ದಶಕದ ಆರ್ಥಿಕ ಕುಸಿತದ ಕಾಲದ ನ್ಯೂ ಇಂಗ್ಲೆಂಡಿನ ಬಡಕಲು ಕೇರಿಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಅವರ ‘ಫ್ರಾಂಕ್ಲಿನ್ ಅಂಡ್ ಸೌತ್ ಮ್ಯಾಂಚೆಸ್ಟರ್’ ಲೇಔಟ್ ಈ ಹವ್ಯಾಸದ ಅತ್ಯುನ್ನತ ಸಾಧನೆಗಳಲ್ಲಿ ಒಂದೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಸೆಲಿಯಸ್ ಅವರ ಜೀವನೋಪಾಯವೇ ಮಾದರಿ ಕಟ್ಟಡಗಳ ಕಿಟ್‌ಗಳನ್ನು ತಯಾರಿಸಿ ಮಾರುವುದಾಗಿತ್ತು. ಲೇಔಟ್ ಅವರ ಖುಷಿಯೋ, ಅಂಗಡಿಯ ಕನ್ನಡಿಯೋ? ಎರಡೂ ಹೌದು ಎಂದಲ್ಲದೆ ಬೇರೆ ಉತ್ತರವಿಲ್ಲ. ಕ್ಯಾಲಿಫೋರ್ನಿಯದ ಜಾನ್ ಆಲೆನ್ ವೃತ್ತಿಯಿಂದ ಛಾಯಾಗ್ರಾಹಕ. ಮಾದರಿ ರೈಲಿನ ಮಟ್ಟಿಗೆ ಅವರು ಹವ್ಯಾಸಿಯೇ ಸರಿ. ಆದರೆ ಅವರ ‘ಗೋರಿ ಅಂಡ್ ಡಿಫೀಟೆಡ್’ ಲೇಔಟ್ ಜಗತ್ತಿಗೆ ಪರಿಚಯವಾದದ್ದು ಅವರ ವೃತ್ತಿಯ ಕಣ್ಣಿನಿಂದ ತೆಗೆದ ಚಿತ್ರಗಳ ಮೂಲಕ. ಬೆಳಕು ಎಲ್ಲಿಂದ ಬಿದ್ದರೆ ಪ್ಲಾಸ್ಟರಿನ ಗುಡ್ಡ ನಿಜವಾದ ಗುಡ್ಡವಾಗಿ ಕಾಣುತ್ತದೆಂಬುದನ್ನು ಅವರಿಗೆ ಕಲಿಸಿದ್ದು ಸ್ಟುಡಿಯೋ. ದಿನವಿಡೀ ಬಾಯೊಳಗಿನ ಹಲ್ಲು ಕೊರೆಯುವ ವೈದ್ಯ, ಗಡಿಯಾರ ರಿಪೇರಿಯವನು, ಅಕ್ಕಸಾಲಿ, ಬಡಗಿ ಇವರೆಲ್ಲ ರೈಲಿನ ಮಟ್ಟಿಗೆ ಹವ್ಯಾಸಿಗಳು. ಅವರ ಬೆರಳುಗಳಿಗೆ ಸಂಬಳ ಕೊಟ್ಟು ತರಬೇತಿ ಆಗಿದೆಯಲ್ಲ! ರಸೀದಿ ಪುಸ್ತಕ ನೋಡಿ ಗೆರೆ ಎಳೆಯಹೊರಟರೆ ಆ ಗೆರೆ ಎಲ್ಲಿಯೂ ನೇರವಾಗಿ ಬೀಳುವುದಿಲ್ಲ.

ವೃತ್ತಿಪರನ ಕೈ ಯಾವಾಗಲೂ ಮೇಲು ಎಂಬ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ವೃತ್ತಿಪರನಿಗೆ ಉಪಕರಣವಿದೆ, ಅಭ್ಯಾಸವಿದೆ, ಒಮ್ಮೆ ಕೆಡಿಸಿ ಕಲಿತ ಪಾಠವಿದೆ. ಆದರೆ ಅವನ ತಲೆಯ ಮೇಲೆ ಗಡಿಯಾರವಿದೆ. ಪ್ರತಿ ಗಂಟೆಗೂ ಬೆಲೆಯಿರುವುದರಿಂದ ಒಂದು ಮರವನ್ನು ಮಾಡುವುದರಲ್ಲಿ ಅವನು ಮೂರು ಸಂಜೆ ಕಳೆಯಲಾರ. ಲೇಔಟನ್ನು ಲಾರಿಯಲ್ಲಿ ಸಾಗಿಸಬೇಕಾದ್ದರಿಂದ ಬಾಗಿಲಿನ ಅಗಲಕ್ಕೆ ತಕ್ಕಂತೆ ಗುಡ್ಡವನ್ನು ಕತ್ತರಿಸಬೇಕು. ಗಿರಾಕಿಗೆ ಇಷ್ಟವಾದ ಎಂಜಿನ್ನಿಗೆ ಅದು ಎಂದೂ ಕಾಣದ ನಾಡಿನಲ್ಲಿ ಹಳಿ ಹಾಕಿಕೊಡಬೇಕು. ಹವ್ಯಾಸಿಯ ಏಕೈಕ ಸಂಪತ್ತು ಲೆಕ್ಕವಿಡದ ಸಮಯ. ಆಲೆನ್ ತಮ್ಮ ಕೊನೆಯ ಲೇಔಟಿಗೆ ಸುಮಾರು ಎರಡು ದಶಕ ಕೊಟ್ಟರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಬೆಂಕಿಗೆ ತುತ್ತಾಯಿತು ಎಂಬುದು ಈ ಹವ್ಯಾಸದವರು ಇಂದಿಗೂ ನಿಟ್ಟುಸಿರಿಟ್ಟು ಹೇಳುವ ಸಂಗತಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಪೆಂಡನ್ ಸಂಗ್ರಹಾಲಯವನ್ನು 1950ರ ದಶಕದಲ್ಲಿ ಆರಂಭಿಸಿದವರು ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯನ್. ಕಣ್ಣೆದುರೇ ಮರೆಯಾಗುತ್ತಿದ್ದ ಹುಲ್ಲು ಹೊದಿಸಿದ ಮನೆಗಳ ಹಳ್ಳಿಗಾಡನ್ನು ಮಾದರಿಯಲ್ಲಾದರೂ ಉಳಿಸಬೇಕೆಂಬ ಹಟ ಅವರದು. ತಲೆಮಾರುಗಳಿಂದ ಸ್ವಯಂಸೇವಕರು ಅಲ್ಲಿ ಒಂದೊಂದೇ ಗುಡಿಸಲನ್ನು ಕಟ್ಟುತ್ತ ಬಂದಿದ್ದಾರೆ. ಅಂತಹ ಕೆಲಸವನ್ನು ಯಾವ ಗುತ್ತಿಗೆದಾರನೂ ಲಾಭಕ್ಕೆ ಮಾಡಲಾರ. 2018ರಲ್ಲಿ ಬ್ರಿಟನ್ನಿನ ದೂರದರ್ಶನ ವಾಹಿನಿಯೊಂದು ಹವ್ಯಾಸಿ ತಂಡಗಳಿಗೆ ಮೂರೇ ದಿನಗಳಲ್ಲಿ ಲೇಔಟ್ ಕಟ್ಟುವ ಸ್ಪರ್ಧೆ ಏರ್ಪಡಿಸಿದಾಗ ಈ ಮಾತು ಎದ್ದು ಕಂಡಿತು: ಹವ್ಯಾಸಿಗಳನ್ನು ಪರದೆಯ ಮೇಲೆ ತರಲು ಅವರಿಂದ ಮೊದಲು ಕಿತ್ತುಕೊಂಡದ್ದು ಅವರ ಸಮಯವನ್ನೇ.

ಹಾಗಾದರೆ ಆಕ್ಷೇಪವೇ ಹುರುಳಿಲ್ಲದ್ದೇ? ಹಾಗೆನ್ನಲಾಗದು. ನನ್ನ ಪ್ರಕಾರ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದೇ ಹೆಸರಿನಡಿ ಬೆರೆತುಹೋಗಿವೆ. ವೃತ್ತಿಪರನೊಬ್ಬ ತಾನೇ ಮಾಡಿದ ಮಾದರಿಯನ್ನು ತನ್ನ ಹೆಸರಿನಲ್ಲಿ ಸ್ಪರ್ಧೆಗೆ ತರುವುದು ಒಂದು. ಹಣವಂತನೊಬ್ಬ ವೃತ್ತಿಪರನಿಂದ ಮಾಡಿಸಿಕೊಂಡದ್ದನ್ನು ತನ್ನ ಹೆಸರಿನಲ್ಲಿ ತರುವುದು ಇನ್ನೊಂದು. ಮೊದಲನೆಯವನು ಕುಶಲಿ, ಅವನಿಗೆ ಬಾಗಿಲು ಮುಚ್ಚಿದರೆ ಹೆನ್ಲಿಯವರು ಮಾಡಿದ್ದನ್ನೇ ನಾವೂ ಮಾಡಿದಂತೆ. ಎರಡನೆಯವನು ಕೇವಲ ಒಡೆಯ. ವಿಚಿತ್ರವೆಂದರೆ, ವೃತ್ತಿಪರರನ್ನು ಹೊರಗಿಡುವ ನಿಯಮ ಇವನನ್ನು ಮುಟ್ಟುವುದೇ ಇಲ್ಲ. ಅವನು ರೈಲಿನಿಂದ ಒಂದು ಕಾಸನ್ನೂ ಸಂಪಾದಿಸಿದವನಲ್ಲವಾದ್ದರಿಂದ, ವ್ಯಾಖ್ಯೆಯ ಪ್ರಕಾರ ಅವನು ಅಪ್ಪಟ ಹವ್ಯಾಸಿ! ಕಟ್ಟಿದವನು ಹೊರಗೆ, ಕಟ್ಟಿಸಿದವನು ಒಳಗೆ.

ಬೆಂಗಳೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕೆಲವು ವರ್ಷಗಳ ಹಿಂದೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಮಳೆನೀರು ಸಂಗ್ರಹದ ಮಾದರಿಯೊಂದು ಎಲ್ಲರ ಕಣ್ಣು ಸೆಳೆಯುತ್ತಿತ್ತು: ಅಂಚು ತಪ್ಪದ ಅಕ್ರಿಲಿಕ್ ಹಲಗೆ, ಪುಟಾಣಿ ಪಂಪು, ಸಾಲಾಗಿ ಹೊಳೆಯುವ ದೀಪ. ಪಂಪು ಏಕೆ ನಿಂತುನಿಂತು ಓಡುತ್ತಿದೆ ಎಂದು ಕೇಳಿದಾಗ ಹುಡುಗ ಅಪ್ಪನ ಮುಖ ನೋಡಿದ, ಅಪ್ಪ ಮೊಬೈಲು ತೆಗೆದು ಅಂಗಡಿಯವನಿಗೆ ಕರೆ ಮಾಡಿದರು. ಪಕ್ಕದಲ್ಲಿ ಒಬ್ಬಳು ಹುಡುಗಿ ಬಿಸ್ಲೇರಿ ಬಾಟಲಿ ಕತ್ತರಿಸಿ, ಸೈಕಲ್ ಟ್ಯೂಬಿನ ತುಂಡು ಕಟ್ಟಿ ಮಾಡಿದ ಅದೇ ವಿಷಯದ ಮಾದರಿ ಸೋರುತ್ತಿತ್ತು. ಅದು ಎಲ್ಲಿ ಸೋರುತ್ತದೆ, ಏಕೆ ಸೋರುತ್ತದೆ, ಮೇಣ ಹಚ್ಚಿದರೂ ಏಕೆ ನಿಲ್ಲಲಿಲ್ಲ ಎಂಬುದನ್ನು ಅವಳು ಐದು ನಿಮಿಷ ವಿವರಿಸಿದಳು. ನಾನು ಅವಳಿಗೆ ಅಂಕ ಕೊಟ್ಟೆ. ಉಳಿದ ಇಬ್ಬರು ತೀರ್ಪುಗಾರರು ಅಂದವನ್ನು ನೋಡಿದರು. ಬಹುಮಾನ ಅಕ್ರಿಲಿಕ್ಕಿಗೆ ಹೋಯಿತು. ಆ ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಕೆಲಸಗಾರ ಅವನು. ಅವನೇ ಬಂದು ಮೇಜಿನ ಹಿಂದೆ ನಿಂತಿದ್ದರೆ ನನ್ನ ಪ್ರಶ್ನೆಗೆ ಉತ್ತರವಾದರೂ ಸಿಗುತ್ತಿತ್ತು.

ಇಲ್ಲಿ ಒಂದು ಪ್ರತಿವಾದವನ್ನು ಕೇಳಬೇಕು. ‘ಎಲ್ಲವನ್ನೂ ತಾನೇ ಮಾಡಿದ’ ಹವ್ಯಾಸಿ ಇಂದು ಎಲ್ಲಿದ್ದಾನೆ? ಹಿಂದೆ ಹಿತ್ತಾಳೆ ತಗಡು ಕತ್ತರಿಸಿ ಬೆಸುಗೆ ಹಾಕಿ ಎಂಜಿನ್ನು ಮಾಡುತ್ತಿದ್ದವರ ಜಾಗದಲ್ಲಿ ಇಂದು ಚೀನಾದ ಕಾರ್ಖಾನೆಯಿಂದ ಬಣ್ಣ ಬಳಿದು, ಅಕ್ಷರ ಬರೆದು, ಧ್ವನಿಯ ಚಿಪ್ಪನ್ನೂ ಕೂಡಿಸಿ ಬರುವ ಎಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಡುವವರೇ ಹೆಚ್ಚು. ಅದನ್ನು ಜೋಡಿಸಿದ ಕಾರ್ಮಿಕ ಮಹಿಳೆಯೂ ವೃತ್ತಿಪರಳೇ ಅಲ್ಲವೇ? ಪ್ರಶ್ನೆ ಸರಿಯಾಗಿದೆ. ಇದಕ್ಕೆ ಅಮೆರಿಕದ ಸಂಘ ಕಂಡುಕೊಂಡ ಉಪಾಯ ನನಗೆ ಮೆಚ್ಚಿಗೆಯಾಗಿದೆ. ಅಲ್ಲಿ ಒಂದು ಮಾದರಿಗೆ ಒಟ್ಟು 125 ಅಂಕ. ರಚನೆಯ ಕೌಶಲಕ್ಕೆ 40, ವಿವರಗಳಿಗೆ 20, ನಿಜವಾದ ರೈಲಿಗೆ ಹೊಂದುವಂತಿರುವುದಕ್ಕೆ 25, ಬಣ್ಣ ಹಾಗೂ ಅಕ್ಷರಗಳಿಗೆ 25. ಉಳಿದ 15 ಅಂಕ, ಬಿಡಿಭಾಗಗಳನ್ನು ಕೊಳ್ಳದೆ ಬುಡದಿಂದ ತಾನೇ ಮಾಡಿಕೊಂಡದ್ದಕ್ಕೆ. ಅಂದರೆ ಕೊಂಡ ಭಾಗಗಳನ್ನು ಬಳಸುವುದು ಅಪರಾಧವಲ್ಲ. ಬಳಸಿದಷ್ಟು ಅಂಕ ಬಿಟ್ಟುಕೊಡಬೇಕು, ಅಷ್ಟೇ. ಏನನ್ನು ಮಾಡಿದೆ, ಹೇಗೆ ಮಾಡಿದೆ ಎಂಬುದನ್ನು ಸ್ಪರ್ಧಿ ಬರೆದುಕೊಡಬೇಕು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಏರ್ಪಾಡು ಅಲ್ಲಿದೆ. 125ರಲ್ಲಿ 87.5 ಅಂಕ ಗಳಿಸಿದ ಪ್ರತಿ ಮಾದರಿಗೂ ಅರ್ಹತಾಪತ್ರವಿದೆ. ಹನ್ನೊಂದು ವಿಭಾಗಗಳಲ್ಲಿ ಏಳರಲ್ಲಿ ಪ್ರಮಾಣಪತ್ರ ಪಡೆದವರು ‘ಮಾಸ್ಟರ್ ಮಾಡೆಲ್ ರೈಲ್‌ರೋಡರ್’ ಎನಿಸುತ್ತಾರೆ. ಎಂಜಿನ್ನು, ಬೋಗಿ, ಕಟ್ಟಡಗಳಲ್ಲದೆ ವಿದ್ಯುತ್ ಜೋಡಣೆ, ರೈಲುಗಳ ಸಂಚಾರ ನಿರ್ವಹಣೆ, ಲೇಖನ ಬರೆಯುವುದು, ಸಂಘದ ಸ್ವಯಂಸೇವೆ ಕೂಡ ಈ ಹನ್ನೊಂದರಲ್ಲಿ ಸೇರಿವೆ. ಇಲ್ಲಿ ಒಬ್ಬ ಮೇಲೇರಿದರೆ ಇನ್ನೊಬ್ಬ ಕೆಳಗಿಳಿಯಬೇಕಾಗಿಲ್ಲ. ಪಕ್ಕದ ಮೇಜಿನ ವೃತ್ತಿಪರ 120 ಪಡೆದರೂ, 88 ಪಡೆದ ಹವ್ಯಾಸಿಯ ಪತ್ರ ಎಲ್ಲಿಗೂ ಹೋಗುವುದಿಲ್ಲ. ಈ ಏಣಿಯಲ್ಲಿ ಹವ್ಯಾಸಿ-ವೃತ್ತಿಪರ ಎಂಬ ಪ್ರಶ್ನೆಯ ಕಾವು ತಾನಾಗಿಯೇ ಆರುತ್ತದೆ. ಪ್ರಥಮ, ದ್ವಿತೀಯ ಎಂಬ ಸ್ಥಾನಗಳಿರುವ ಕಡೆ ಮಾತ್ರ ಅದು ಉಳಿಯುತ್ತದೆ.

ಸ್ಥಾನಗಳನ್ನು ರದ್ದು ಮಾಡಿ ಎಂದು ನಾನು ಹೇಳುವುದಿಲ್ಲ, ಪಂದ್ಯದಲ್ಲಿ ಸುಖವಿದೆ. ಹೊಸಬರು ಧೃತಿಗೆಡುತ್ತಾರೆ ಎಂಬ ಆತಂಕಕ್ಕೂ ಆಧಾರವಿದೆ. ಹದಿನಾಲ್ಕರ ಹುಡುಗ ತನ್ನ ಮೊದಲ ರಟ್ಟಿನ ಸಿಗ್ನಲ್ ಕ್ಯಾಬಿನ್ನನ್ನು ಮೂವತ್ತು ವರ್ಷ ಪಳಗಿದ ಕೈಯ ಎದುರು ಇಡಬೇಕಾದರೆ ಮರುವರ್ಷ ಬರಲಾರ. ಆದರೆ ಅವನನ್ನು ಹೆದರಿಸುವುದು ಆ ಮೂವತ್ತು ವರ್ಷ. ಎದುರಾಳಿ ಅದರಿಂದ ಹಣ ಮಾಡಿದನೋ ಇಲ್ಲವೋ ಎಂಬುದಲ್ಲ. ನಿವೃತ್ತ ಹವ್ಯಾಸಿಯೂ ಅವನನ್ನು ಅಷ್ಟೇ ಹೆದರಿಸಬಲ್ಲ. ಆದ್ದರಿಂದ ವಿಭಾಗಗಳು ಬೇಕೆಂದಾದರೆ ಅನುಭವದ ಮೇಲೆ ಮಾಡಿ: ಮೊದಲ ಬಾರಿ ಬಂದವರು, ಹಿಂದೆ ಬಹುಮಾನ ಪಡೆದವರು ಎಂದು. ಆದಾಯದ ಮೇಲೆ ಮಾಡಬೇಡಿ. ಹ್ಯಾಂಬರ್ಗ್‌ನ ‘ಮಿನಿಯಟೂರ್ ವುಂಡರ್‌ಲಾಂಡ್’ನಂತಹ ದೈತ್ಯರನ್ನು ಈ ಲೆಕ್ಕಕ್ಕೆ ಎಳೆಯಬೇಕಾಗಿಲ್ಲ. 2001ರಲ್ಲಿ ತೆರೆದ ಆ ಪ್ರದರ್ಶನದಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳಿವೆ, ನೂರಾರು ಮಂದಿ ಸಂಬಳದ ಮೇಲೆ ದುಡಿಯುತ್ತಾರೆ. ಅದು ಟಿಕೆಟು ಕೊಟ್ಟು ನೋಡುವ ಪ್ರವಾಸಿ ತಾಣ, ಯಾರ ಬಹುಮಾನದ ಮೇಲೂ ಅದರ ಕಣ್ಣಿಲ್ಲ.

ಮಾಡಿಸಿಕೊಂಡವರ ವಿಷಯದಲ್ಲಿ ನನ್ನ ನಿಲುವು ಕಠಿಣ. ಕೌಶಲದ ಬಹುಮಾನ ಒಡೆಯನಿಗೆ ಸಲ್ಲಬಾರದು. ಕಟ್ಟಿದವನ ಹೆಸರಿನಲ್ಲಿಯೇ ಮಾದರಿ ಬರಲಿ, ಗೆದ್ದರೆ ಫಲಕ ಅವನ ಗೋಡೆಗೆ ಹೋಗಲಿ. ಹಲವರು ಕೈಜೋಡಿಸಿದ್ದರೆ ಹಲವು ಹೆಸರು ಬರಲಿ. ಇದು ಅಸಾಧ್ಯವೆನ್ನುವವರು ನಮ್ಮ ಕರಾವಳಿ, ಮಲೆನಾಡಿನ ಯಕ್ಷಗಾನದ ಕರಪತ್ರವೊಂದನ್ನು ನೋಡಬೇಕು. ಹವ್ಯಾಸಿ ಸಂಘಗಳ ಪ್ರದರ್ಶನಕ್ಕೆ ವೃತ್ತಿ ಮೇಳದ ಭಾಗವತರನ್ನೋ ಮದ್ದಳೆಯವರನ್ನೋ ಕರೆಸುವುದು ವಾಡಿಕೆ. ಅದರಲ್ಲಿ ಗುಟ್ಟೇನೂ ಇಲ್ಲ. ಹಿಮ್ಮೇಳದಲ್ಲಿ ಯಾರು, ಮುಮ್ಮೇಳದಲ್ಲಿ ಯಾರು, ಅತಿಥಿ ಕಲಾವಿದರು ಯಾರು ಎಂಬುದೆಲ್ಲ ಹೆಸರು ಹೆಸರಾಗಿ ಅಚ್ಚಾಗಿರುತ್ತದೆ. ಬ್ಯಾಂಕಿನ ಗುಮಾಸ್ತ ಕಟ್ಟಿದ ಕರ್ಣನ ವೇಷಕ್ಕೆ ಹಿಂದಿನ ಹಾಡು ಯಾರದೆಂಬುದು ನೋಡುವವರಿಗೆ ಗೊತ್ತು. ಗುಮಾಸ್ತನ ಕುಣಿತವನ್ನು ಅವನ ಕುಣಿತವೆಂದೇ ಅಳೆಯುತ್ತಾರೆ, ಪದ್ಯಕ್ಕೆ ಬಿದ್ದ ಚಪ್ಪಾಳೆಯನ್ನು ಭಾಗವತರಿಗೆ ಬಿಡುತ್ತಾರೆ.

ಮಾದರಿ ರೈಲಿನ ಪ್ರವೇಶಪತ್ರದಲ್ಲಿಯೂ ಇಂತಹ ಒಂದು ಅಂಕಣವಿದ್ದರೆ ಸಾಕು: ಹಣ ಕೊಟ್ಟು ಮಾಡಿಸಿದ ಕೆಲಸ ಯಾವುದು, ಮಾಡಿದವರು ಯಾರು? ಈಗ ಮೂರು ಆಯಾಮದ ಮುದ್ರಣ ಯಂತ್ರ, ಲೇಸರ್ ಕತ್ತರಿಗಳು ಹವ್ಯಾಸಿಯ ಮೇಜಿಗೇ ಬಂದಿರುವುದರಿಂದ ಈ ಅಂಕಣದ ಅಗತ್ಯ ಇನ್ನಷ್ಟು ಹೆಚ್ಚಿದೆ. ಕಂಪ್ಯೂಟರಿನಲ್ಲಿ ಎಂಜಿನ್ನಿನ ನಕ್ಷೆಯನ್ನು ತಾನೇ ತಿಂಗಳುಗಟ್ಟಲೆ ಕೂತು ಬರೆದವನೂ, ಇನ್ನಾರೋ ಬರೆದ ನಕ್ಷೆಯನ್ನು ಕೊಂಡು ಗುಂಡಿ ಒತ್ತಿದವನೂ ಒಂದೇ ಬಗೆಯ ವಸ್ತುವನ್ನು ಮೇಜಿನ ಮೇಲಿಡುತ್ತಾರೆ. ಇಬ್ಬರೂ ಹವ್ಯಾಸಿಗಳೇ. ಇವರಿಬ್ಬರ ನಡುವಿನ ಅಂತರವನ್ನು ಕಾಣಬೇಕಾದರೆ ತೀರ್ಪುಗಾರ ಮಾದರಿಯನ್ನು ನೋಡುವುದರ ಜೊತೆಗೆ ಅದರ ಹಿಂದೆ ನಿಂತವನೊಡನೆ ಹತ್ತು ನಿಮಿಷ ಮಾತನಾಡಲೇಬೇಕು: ಚಿಮಣಿಯ ಬುಡದ ಬಾಗು ಮೊದಲ ಸಲವೇ ಸರಿಯಾಗಿ ಬಂದಿತೇ, ಇಲ್ಲವಾದರೆ ಎಷ್ಟನೆಯ ಸಲಕ್ಕೆ?